ಎರಡಾಣೆಯ ಪಿಗ್ಮಿ, ಬೋಳುಗುಡ್ಡದ ಕಾಲೇಜು: ಡಾ. ಟಿ.ಎಂ.ಎ. ಪೈ ಅವರ ಬದುಕು ಮತ್ತು ನಮ್ಮ ಶಾಲೆಯ ನಿಧಿ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಸಾಧಕರ ಜೀವನ ಕುರಿತು ಬರೆದುಕೊಡು ಎಂದು ಸಮಿತಿಯ ಹಿರಿಯರು ಫೋನ್ ಮಾಡಿದಾಗ ನನಗೆ ಸಂತೋಷವೂ ಆಯಿತು, ಭಯವೂ ಆಯಿತು. ಹತ್ತನೇ ತರಗತಿಯ ಕನ್ನಡ ಪ್ರಬಂಧದ ನಂತರ ನಾನು ಕನ್ನಡದಲ್ಲಿ ಇಷ್ಟು ಉದ್ದ ಏನನ್ನೂ ಬರೆದವನಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನಾನು ದಿನವಿಡೀ ಬರೆಯುವುದು ಕಂಪ್ಯೂಟರಿಗೆ ಅರ್ಥವಾಗುವ ಭಾಷೆ. ತಪ್ಪಿದ್ದರೆ ನನಗೆ ಕನ್ನಡ ಕಲಿಸಿದ ಗುರುಗಳು ಎಂದಿನಂತೆ ಕೆಂಪು ಶಾಯಿಯಲ್ಲಿ ತಿದ್ದಲಿ.

ಯಾರ ಬಗ್ಗೆ ಬರೆಯುವುದೆಂದು ಯೋಚಿಸಿದೆ. ಸರ್ ಎಂ. ವಿಶ್ವೇಶ್ವರಯ್ಯ, ಕುವೆಂಪು, ನಮ್ಮ ಜಿಲ್ಲೆಯ ಹೆಮ್ಮೆ ಡಾ. ರಾಜ್‌ಕುಮಾರ್, ಇವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ಸಂಚಿಕೆಯಲ್ಲಿ ಇದ್ದೇ ಇರುತ್ತಾರೆ. ನಾನು ಆರಿಸಿಕೊಂಡವರು ನಮ್ಮ ಸೀಮೆಯವರಲ್ಲ. ಕರಾವಳಿಯವರು, ತೀರಿಕೊಂಡು ನಲವತ್ತೈದು ವರ್ಷಗಳ ಮೇಲಾಯಿತು. ಅವರೇ ಮಣಿಪಾಲದ ಡಾ. ಟಿ.ಎಂ.ಎ. ಪೈ. ಅವರನ್ನು ಆರಿಸಲು ಎರಡು ಕಾರಣಗಳಿವೆ. ಒಂದು ನಮ್ಮಪ್ಪನ ಟೀ ಅಂಗಡಿ. ಇನ್ನೊಂದು, ಈಗ ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘದ ಮುಂದಿರುವ ಪ್ರಶ್ನೆ: ಶಾಲೆಗೆಂದು ಕೂಡಿಸುತ್ತಿರುವ ಹಣವನ್ನು ಏನು ಮಾಡಬೇಕು?

ಅಂಗಡಿಗೆ ಬರುತ್ತಿದ್ದ ಪಿಗ್ಮಿಯವರು

ನಮ್ಮಪ್ಪ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣದೊಂದು ಟೀ ಅಂಗಡಿ ಇಟ್ಟುಕೊಂಡಿದ್ದರು. ಊಟಿಗೆ, ಕೇರಳಕ್ಕೆ ಹೋಗುವ ಲಾರಿ ಡ್ರೈವರುಗಳು, ತರಕಾರಿ ಮೂಟೆ ತಂದ ರೈತರು, ಬಸ್ಸಿಗೆ ಕಾಯುವವರು, ಇವರೇ ಗಿರಾಕಿಗಳು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾನು ಅಲ್ಲಿ ಲೋಟ ತೊಳೆಯುತ್ತಿದ್ದೆ. ಸಂಜೆ ಆರು ಗಂಟೆಯ ಹೊತ್ತಿಗೆ ಹೆಗಲಿಗೆ ಬ್ಯಾಗು ಹಾಕಿಕೊಂಡು ಸೈಕಲ್ಲಿನಲ್ಲಿ ಒಬ್ಬರು ಬರುತ್ತಿದ್ದರು. ಅವರ ಹೆಸರು ಏನೇ ಇರಲಿ, ಬೀದಿಗೆಲ್ಲ ಅವರು ಪಿಗ್ಮಿಯವರು. ಅಪ್ಪ ಗಲ್ಲಾದಿಂದ ಹತ್ತು ರೂಪಾಯಿ ತೆಗೆದುಕೊಡುತ್ತಿದ್ದರು. ಅವರು ಪುಸ್ತಕದಲ್ಲಿ ಬರೆದುಕೊಂಡು, ಒಂದು ಟೀ ಕುಡಿದು, ಪಕ್ಕದ ಹೂವಿನ ಅಂಗಡಿಗೆ ಹೋಗುತ್ತಿದ್ದರು. ವ್ಯಾಪಾರ ಇಲ್ಲದ ದಿನವೂ ಅಪ್ಪ ಐದು ರೂಪಾಯಿಯಾದರೂ ಕೊಡದೆ ಕಳಿಸುತ್ತಿರಲಿಲ್ಲ. ಅವ್ವ ಅದಕ್ಕೆ ಗೊಣಗುತ್ತಿದ್ದಳು. ಮನೆಗೆ ಎಣ್ಣೆ ತರಲು ದುಡ್ಡಿಲ್ಲದಿದ್ದರೂ ಪಿಗ್ಮಿಗೆ ಮಾತ್ರ ಇದೆ ಎನ್ನುವುದು ಅವಳ ದೂರು.

ನನಗೆ ಸಿಇಟಿಯಲ್ಲಿ ಬಿಇ ಸೀಟು ಸಿಕ್ಕಿದಾಗ ಸರ್ಕಾರಿ ಶುಲ್ಕ, ಹಾಸ್ಟೆಲ್ಲಿನ ಮುಂಗಡ, ಒಂದು ಟ್ರಂಕು, ಒಂದು ಕ್ಯಾಲ್ಕುಲೇಟರ್, ಇಷ್ಟಕ್ಕೂ ಹಣ ಬಂದದ್ದು ಆ ಪುಸ್ತಕದಿಂದ. ಅಪ್ಪ ಪಿಗ್ಮಿ ಖಾತೆ ಮುಚ್ಚಿಸಿ ಹಣ ತಂದು ಅವ್ವನ ಕೈಗೆ ಕೊಟ್ಟರು. ಅಂದಿನಿಂದ ಅವ್ವ ಪಿಗ್ಮಿಯ ಬಗ್ಗೆ ಒಂದು ಮಾತೂ ಆಡಲಿಲ್ಲ.

ಈ ಪಿಗ್ಮಿ ಎಂಬ ಪದ್ಧತಿಯನ್ನು ಯಾರೋ ಒಬ್ಬರು ಯೋಚಿಸಿ ಶುರುಮಾಡಿದ್ದು, ಅದು ನಮ್ಮ ಕರ್ನಾಟಕದಲ್ಲೇ ಹುಟ್ಟಿದ್ದು ಎಂಬುದು ನನಗೆ ತಿಳಿದದ್ದು ಕೆಲಸಕ್ಕೆ ಸೇರಿದ ಎಷ್ಟೋ ವರ್ಷಗಳ ಮೇಲೆ. ಆಮೇಲೆ ಆ ಮನುಷ್ಯರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಡಾಕ್ಟರು ಬ್ಯಾಂಕು ಕಟ್ಟಿದ್ದು

ತೋನ್ಸೆ ಮಾಧವ ಅನಂತ ಪೈ ಹುಟ್ಟಿದ್ದು 1898ರ ಏಪ್ರಿಲ್ 30ರಂದು, ಉಡುಪಿಯ ಹತ್ತಿರದ ಕಲ್ಯಾಣಪುರದಲ್ಲಿ. ಆಗ ಉಡುಪಿ, ಮಂಗಳೂರು ಎಲ್ಲ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ನಮ್ಮ ಕೊಳ್ಳೇಗಾಲ ಕೂಡ ಆಗ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಎರಡೂ ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಆ ಕಾಲದಲ್ಲಿ ಕರಾವಳಿಯ ಹುಡುಗನೊಬ್ಬ ಡಾಕ್ಟರಾಗಬೇಕಾದರೆ ಮದ್ರಾಸಿಗೇ ಹೋಗಬೇಕು. ಪೈ ಅವರೂ ಅಲ್ಲಿಗೇ ಹೋಗಿ ಓದಿ, 1925ರಲ್ಲಿ ಎಂಬಿಬಿಎಸ್ ಮುಗಿಸಿ ಊರಿಗೆ ಮರಳಿದರು. ಓದಲೆಂದು ಅಷ್ಟು ದೂರ ಹೋಗಬೇಕಾದ ಆ ಸ್ಥಿತಿಯನ್ನು ನೆನಪಿನಲ್ಲಿಡಿ. ಇಪ್ಪತ್ತೆಂಟು ವರ್ಷಗಳ ನಂತರ ಅವರು ಮಾಡಿದ ಕೆಲಸಕ್ಕೆ ಇದೇ ಹಿನ್ನೆಲೆ.

ಊರಿಗೆ ಬಂದ ಡಾಕ್ಟರು ರೋಗಿಗಳನ್ನು ನೋಡತೊಡಗಿದರು. ಆಗ ಉಡುಪಿ ಸುತ್ತಿನ ಕೈಮಗ್ಗ ನೇಕಾರರ ಪಾಡು ಕೆಟ್ಟಿತ್ತು. ನೂಲು ತರಲು ಕೈಯಲ್ಲಿ ಹಣವಿಲ್ಲ, ನೇಯ್ದ ಬಟ್ಟೆಗೆ ಬೆಲೆಯಿಲ್ಲ, ಸಾಲ ಬೇಕೆಂದರೆ ಲೇವಾದೇವಿಯವರೇ ಗತಿ. ಕೊಳ್ಳೇಗಾಲದ ರೇಷ್ಮೆ ನೇಕಾರರನ್ನು ಹತ್ತಿರದಿಂದ ಕಂಡವರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ. ಇಂಥ ಮನೆಯ ರೋಗಿಗೆ ಔಷಧಿ ಕೊಟ್ಟರೆ ಕಾಯಿಲೆ ವಾಸಿಯಾದೀತು, ಹಸಿವು ವಾಸಿಯಾಗುವುದಿಲ್ಲ. ಇಂಥ ಕಡೆ ಕೈಲಾದಷ್ಟು ದಾನ ಮಾಡಿ ಸುಮ್ಮನಾಗುವವರು ಬಹಳ ಮಂದಿ. ಪೈ ಅವರು ಹಿಡಿದ ದಾರಿ ಬೇರೆ.

ಅವರ ಅಣ್ಣ ಉಪೇಂದ್ರ ಅನಂತ ಪೈ ವ್ಯಾಪಾರಿ. ಜೊತೆಗಾರ ವಾಮನ ಕುಡ್ವ ಎಂಜಿನಿಯರ್. ಒಬ್ಬ ವ್ಯಾಪಾರಿ, ಒಬ್ಬ ಎಂಜಿನಿಯರ್, ಒಬ್ಬ ಡಾಕ್ಟರ್ ಸೇರಿ 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆ ಆರಂಭಿಸಿದರು. ಮೂಲ ಬಂಡವಾಳ 8,000 ರೂಪಾಯಿ. ಸ್ಥಳೀಯ ನೇಕಾರರಿಗೆ ಹಣದ ನೆರವು ಸಿಗುವಂತೆ ಮಾಡುವುದು ಅದರ ಉದ್ದೇಶ. ನಾವು ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಕರೆದದ್ದು ಇದನ್ನೇ.

ಕರಾವಳಿಯಲ್ಲಿ ಬ್ಯಾಂಕು ಕಟ್ಟುವುದು ಆಗ ಹೊಸದೇನೂ ಆಗಿರಲಿಲ್ಲ. ವಕೀಲರಾಗಿದ್ದ ಅಮ್ಮೆಂಬಳ ಸುಬ್ಬರಾವ್ ಪೈ 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲ ಸಂಸ್ಥೆಯನ್ನು ಕಟ್ಟಿದ್ದರು. ಅದೇ ವರ್ಷ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿತ್ತು. 1924ರಲ್ಲಿ ಕರ್ಣಾಟಕ ಬ್ಯಾಂಕ್ ಬಂತು. ಈ ಹಿರಿಯರಲ್ಲಿ ಹಲವರು ಶಾಲೆಗಳನ್ನೂ ಕಟ್ಟಿದವರು. ಬ್ಯಾಂಕು ಮತ್ತು ಶಾಲೆ ಎರಡೂ ಊರಿನ ಕೆಲಸವೇ ಎಂಬ ಭಾವನೆ ಅಲ್ಲಿತ್ತು. ಈ ಸಾಲಿನಲ್ಲಿ ಟಿ.ಎಂ.ಎ. ಪೈ ಅವರ ಹೆಚ್ಚುಗಾರಿಕೆ ಕಾಣುವುದು 1928ರಲ್ಲಿ.

ಎರಡಾಣೆಯ ಲೆಕ್ಕ

ಆ ವರ್ಷ ಅವರ ಬ್ಯಾಂಕು ಪಿಗ್ಮಿ ಠೇವಣಿ ಆರಂಭಿಸಿತು. ಪಿಗ್ಮಿ ಎಂದರೆ ಕುಳ್ಳ, ಪುಟ್ಟದು ಎಂದರ್ಥ. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಬ್ಯಾಂಕಿನ ಏಜೆಂಟರು ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಬಂದು ಪಡೆಯುತ್ತಿದ್ದರು.

ನಾನು ಕೂತು ಲೆಕ್ಕ ಹಾಕಿದೆ. ಒಂದು ರೂಪಾಯಿಗೆ ಹದಿನಾರಾಣೆ. ದಿನಕ್ಕೆ ಎರಡಾಣೆಯಂತೆ ವರ್ಷದ 365 ದಿನ ಕಟ್ಟಿದರೆ 730 ಆಣೆ, ಅಂದರೆ 45 ರೂಪಾಯಿ ಹತ್ತಾಣೆ. ವರ್ಷದ ಕೊನೆಯಲ್ಲಿ ಒಟ್ಟಿಗೆ 45 ರೂಪಾಯಿ ತಂದಿಡಿ ಎಂದು ನೇಕಾರನಿಗೆ ಹೇಳಿದ್ದರೆ ಅವನು ಎಲ್ಲಿಂದ ತಂದಾನು? ದಿನದ ದುಡಿಮೆ ಕೈಯಲ್ಲಿರುವಾಗಲೇ ಎರಡಾಣೆ ಕೇಳಿದರೆ ಕೊಡಬಲ್ಲ. ಸಂಪಾದನೆ ದಿನದ ಲೆಕ್ಕದಲ್ಲಿ ಬರುವವನಿಗೆ ಉಳಿತಾಯವೂ ದಿನದ ಲೆಕ್ಕದಲ್ಲೇ ಇರಬೇಕು ಎಂಬುದು ಈ ಯೋಜನೆಯ ಜೀವಾಳ. ಬಡವನಿಗೆ ಉಳಿಸಲು ಬರುವುದಿಲ್ಲ ಎಂದು ದೂರುವ ಬದಲು, ಅವನು ಉಳಿಸಬಲ್ಲ ರೀತಿಯಲ್ಲಿ ಬ್ಯಾಂಕನ್ನೇ ಬದಲಾಯಿಸಿದರು.

ಇದು ಧರ್ಮದ ಕೆಲಸ ಅನಿಸಿದರೂ ವ್ಯವಹಾರದ ಲೆಕ್ಕವೂ ಅದರೊಳಗಿತ್ತು. ಏಜೆಂಟರಿಗೆ ಸಂಗ್ರಹದ ಮೇಲೆ ಕಮಿಷನ್. ದಿನವೂ ಬರುವ ಹಣವಾದ್ದರಿಂದ ಬ್ಯಾಂಕಿಗೆ ಠೇವಣಿಯ ಹರಿವು ನಿಲ್ಲುವುದಿಲ್ಲ. ದಿನ ತಪ್ಪದೆ ಕಟ್ಟುವವನು ಯಾರು ಎಂಬುದು ಪುಸ್ತಕದಲ್ಲೇ ಕಾಣುತ್ತದೆ, ಸಾಲ ಕೊಡುವಾಗ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಹೀಗೆ ಠೇವಣಿದಾರ, ಏಜೆಂಟ್, ಬ್ಯಾಂಕು ಮೂವರಿಗೂ ಏನಾದರೂ ಉಳಿಯುತ್ತಿತ್ತು. ಅದಕ್ಕೇ ಈ ಪದ್ಧತಿ ಬಾಳಿತು. ಬೇರೆ ಬ್ಯಾಂಕುಗಳೂ ಸಹಕಾರಿ ಸಂಘಗಳೂ ಇದನ್ನು ಹಿಡಿದವು. ಎಪ್ಪತ್ತು ವರ್ಷಗಳ ಮೇಲೆ ಅದು ಗುಂಡ್ಲುಪೇಟೆಯ ಟೀ ಅಂಗಡಿಗೂ ಸೈಕಲ್ ಹೊಡೆದುಕೊಂಡು ಬರುತ್ತಿತ್ತು.

ಆದರೆ ಭಾರವೆಲ್ಲ ಆ ಸೈಕಲ್ ತುಳಿಯುವವನ ಕಾಲಿನ ಮೇಲಿತ್ತು ಎಂಬುದನ್ನೂ ಹೇಳಬೇಕು. ಮಳೆಯಿರಲಿ ಬಿಸಿಲಿರಲಿ ತಿರುಗಬೇಕು, ಕಮಿಷನ್ ಬಿಟ್ಟರೆ ಸಂಬಳವಿಲ್ಲ. ಪಿಗ್ಮಿ ಸಂಗ್ರಹಕಾರರ ಈ ವಿವಾದ ವರ್ಷಗಟ್ಟಲೆ ನಡೆದು, ಅವರನ್ನೂ ಕಾರ್ಮಿಕರೆಂದು ಸುಪ್ರೀಂ ಕೋರ್ಟ್ ಒಪ್ಪಿದ್ದು 2001ರಲ್ಲಿ. ಒಳ್ಳೆಯ ಯೋಜನೆಯಲ್ಲೂ ಯಾರ ಬೆವರಿಗೆ ಲೆಕ್ಕ ಸಿಕ್ಕಿಲ್ಲ ಎಂದು ಹುಡುಕಬೇಕು ಎನ್ನುವುದನ್ನು ನಾನು ಇದರಿಂದ ಕಲಿತೆ.

ಬೋಳುಗುಡ್ಡದ ಮೇಲೆ ಕಾಲೇಜು

ಬ್ಯಾಂಕು ಬೆಳೆದ ಮೇಲೆ ಪೈ ಅವರ ಗಮನ ವಿದ್ಯೆಯ ಕಡೆ ಹರಿಯಿತು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸ್ಥಾಪಿಸಿದರು. ಹೆಸರು ದೊಡ್ಡದಾದರೂ ಆರಂಭ ಸರಳ, ಕೈಕಸುಬು ಕಲಿಸುವುದು. ಓದು ಮುಗಿಸಿದವನ ಕೈಗೆ ಒಂದು ಕೆಲಸವೂ ಬರಬೇಕು ಎಂಬ ವಿಚಾರ. 1949ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ಆರಂಭವಾಯಿತು. ಕರಾವಳಿಯ ಎಷ್ಟೋ ಹಳ್ಳಿಯ ಮಕ್ಕಳು ಪದವಿ ಪಡೆದದ್ದು ಅಲ್ಲಿ.

ಆಮೇಲೆ ಬಂದದ್ದು ದೊಡ್ಡ ಸಾಹಸ. ಉಡುಪಿಯಿಂದ ಮೂರು ಮೈಲಿ ದೂರದಲ್ಲಿ ಒಂದು ಬೋಳುಗುಡ್ಡ. ಅಲ್ಲೊಂದು ಕೆರೆ, ಹೆಸರು ಮಣ್ಣಪಳ್ಳ. ಆ ಹೆಸರೇ ಮಣಿಪಾಲವಾಯಿತು ಎನ್ನುತ್ತಾರೆ. ಈ ಗುಡ್ಡದ ಮೇಲೆ ಮೆಡಿಕಲ್ ಕಾಲೇಜು ಮಾಡುತ್ತೇನೆಂದು ಪೈ ಅವರು ಹೊರಟಾಗ ನಂಬಿದವರು ಕಡಿಮೆ. ಸ್ವಾತಂತ್ರ್ಯ ಬಂದು ಆರು ವರ್ಷ, ಮೆಡಿಕಲ್ ಕಾಲೇಜು ಎಂದರೆ ಸರ್ಕಾರ ಮಾಡಬೇಕು ಅಥವಾ ಮಿಷನ್ನಿನವರು ಮಾಡಬೇಕು ಎಂಬ ಕಾಲ. ಡಾಕ್ಟರಾಗಲು ಬಯಸುವ ಹುಡುಗರು ಸಾವಿರ, ಸೀಟುಗಳು ಬೆರಳೆಣಿಕೆ. ಸರ್ಕಾರದ ಬಳಿ ಹಣವಿಲ್ಲ.

ಅವರ ಮುಂದಿದ್ದದ್ದು ಎರಡು ತೊಡಕು. ಕಟ್ಟಡಕ್ಕೆ, ಅಧ್ಯಾಪಕರಿಗೆ ಹಣ ಎಲ್ಲಿಂದ? ರೋಗಿಗಳಿರುವ ಆಸ್ಪತ್ರೆ ಎಲ್ಲಿ? ಎರಡನೆಯದಕ್ಕೆ ಅವರು ಕಂಡುಕೊಂಡ ದಾರಿ ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆ. ಸರ್ಕಾರದ ಆಸ್ಪತ್ರೆಯಲ್ಲಿ ಖಾಸಗಿ ಕಾಲೇಜಿನ ವಿದ್ಯಾರ್ಥಿಗಳು ಕಲಿಯುವ ಏರ್ಪಾಡು ಮಾಡಿಕೊಂಡರು. ಆಸ್ಪತ್ರೆಗೆ ಕೈಗಳು ಸಿಕ್ಕವು, ಕಾಲೇಜಿಗೆ ಆಸ್ಪತ್ರೆ ಸಿಕ್ಕಿತು. ಇರುವ ಆಸ್ತಿಯನ್ನು ಇಬ್ಬರೂ ಬಳಸುವಂತೆ ಮಾಡುವ ಇಂಥ ಒಪ್ಪಂದಕ್ಕೆ ಈಗ ಸರ್ಕಾರಿ-ಖಾಸಗಿ ಸಹಭಾಗಿತ್ವ ಎಂಬ ದೊಡ್ಡ ಹೆಸರಿದೆ.

ಮೊದಲನೆಯ ತೊಡಕಿಗೆ ಅವರು ಕೊಟ್ಟ ಉತ್ತರ, ಓದುವವರ ತಂದೆತಾಯಿಯೇ ಖರ್ಚಿನಲ್ಲಿ ಪಾಲು ಕೊಡಲಿ ಎಂಬುದು. ಶಕ್ತಿಯಿರುವ ಮನೆಯವರು ಮುಂಗಡವಾಗಿ ದೊಡ್ಡ ಮೊತ್ತ ಕೊಟ್ಟರೆ ಆ ಹಣದಿಂದಲೇ ಕಾಲೇಜು ಏಳುತ್ತದೆ. ಹೀಗೆ 1953ರಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜು ಆರಂಭವಾಯಿತು. 1957ರಲ್ಲಿ ಎಂಜಿನಿಯರಿಂಗ್ ಕಾಲೇಜು, 1961ರಲ್ಲಿ ಮಣಿಪಾಲದಲ್ಲೇ ಕಸ್ತೂರಬಾ ಆಸ್ಪತ್ರೆ, ನಂತರ ಔಷಧ ವಿಜ್ಞಾನ, ದಂತವೈದ್ಯಕೀಯ, ಒಂದರ ಹಿಂದೆ ಒಂದು ಬಂದವು. ಬೋಳುಗುಡ್ಡ ಊರಾಯಿತು, ಹೊರದೇಶದ ವಿದ್ಯಾರ್ಥಿಗಳೂ ಹುಡುಕಿಕೊಂಡು ಬರುವ ವಿದ್ಯಾಕೇಂದ್ರವಾಯಿತು. ಮಲೆನಾಡಿನಿಂದ, ಕರಾವಳಿಯಿಂದ ರೋಗಿಗಳು ಮಣಿಪಾಲಕ್ಕೆ ಹೋಗುವುದು ರೂಢಿಯಾಯಿತು.

ಅವರು ಕಟ್ಟಿದ ಬ್ಯಾಂಕು 1964ರಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರು ಬದಲಿಸಿಕೊಂಡಿತು. 1969ರ ಜುಲೈ 19ರಂದು ರಾಷ್ಟ್ರೀಕರಣವಾದ ಹದಿನಾಲ್ಕು ಬ್ಯಾಂಕುಗಳಲ್ಲಿ ಅದೂ ಒಂದು. 8,000 ರೂಪಾಯಿಯಲ್ಲಿ ಹುಟ್ಟಿದ್ದು ದೇಶದ ಆಸ್ತಿಯಾಯಿತು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ, ಎರಡೂ ಕರಾವಳಿಯ ಬ್ಯಾಂಕುಗಳು ಒಂದಾದವು. ಪೈ ಅವರಿಗೆ 1972ರಲ್ಲಿ ಪದ್ಮಶ್ರೀ ಬಂತು. 1979ರ ಮೇ 29ರಂದು ಅವರು ತೀರಿಕೊಂಡರು. ಆಗ ಅವರಿಗೆ ಎಂಬತ್ತೊಂದು ವರ್ಷ.

ಗೇಟಿನ ಹೊರಗೆ ಉಳಿದವರು

ಇಲ್ಲಿಗೆ ನಿಲ್ಲಿಸಿದರೆ ಸುಂದರವಾದ ಸಾಧಕರ ಕಥೆಯಾಗುತ್ತದೆ. ಆದರೆ ಸರ್ಕಾರಿ ಪ್ರೌಢಶಾಲೆಯಲ್ಲಿ ಓದಿದ ನಾನು ಇಲ್ಲಿಗೇ ನಿಲ್ಲಿಸಲಾರೆ.

ಮಣಿಪಾಲದ ಈ ಮಾದರಿಯನ್ನು ನೋಡಿ ರಾಜ್ಯದ ತುಂಬ ಕಾಲೇಜುಗಳು ಎದ್ದವು. ಮುಂಗಡ ಹಣ ಕ್ಯಾಪಿಟೇಶನ್ ಶುಲ್ಕ ಎನಿಸಿತು, ಜನರ ಬಾಯಲ್ಲಿ ಡೊನೇಷನ್ ಆಯಿತು. ಕೆಲವು ಕಡೆ ಕಾಲೇಜು ಕಟ್ಟಲು ಹಣ ಎಂಬುದು ಹೋಗಿ, ಹಣಕ್ಕಾಗಿ ಕಾಲೇಜು ಎಂಬುದು ಬಂತು. ಸರ್ಕಾರ 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧಿಸಿ ಕಾನೂನು ತಂದಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಶುಲ್ಕ ಸಂವಿಧಾನಕ್ಕೆ ವಿರುದ್ಧ ಎಂದಿತು. ಆ ಪ್ರಕರಣ ಹೋದದ್ದೂ ನಮ್ಮ ಕರ್ನಾಟಕದಿಂದಲೇ. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಖಾಸಗಿ ಕಾಲೇಜುಗಳಲ್ಲೂ ಪ್ರತಿಭೆಯ ಮೇಲೆ ಕಡಿಮೆ ಶುಲ್ಕದ ಸೀಟುಗಳಿರಬೇಕೆಂದು ತೀರ್ಪಾಯಿತು. ಅದರ ಬೆನ್ನಿಗೆ 1994ರಿಂದ ನಮ್ಮ ರಾಜ್ಯದಲ್ಲಿ ಸಿಇಟಿ ಬಂತು. ನನ್ನಂಥವನು ಬಿಇ ಓದಲು ಸಾಧ್ಯವಾದದ್ದು ಆ ಸಿಇಟಿಯಿಂದ. ಹಾಗಾಗಿ ನನ್ನ ಮೇಲೆ ಎರಡು ಋಣವಿದೆ: ಒಂದು ಪೈ ಅವರ ಪಿಗ್ಮಿಯದು, ಇನ್ನೊಂದು ಅವರ ಮಾದರಿಗೆ ಕಡಿವಾಣ ಹಾಕಿದ ನ್ಯಾಯಾಲಯದ್ದು.

ನನ್ನ ತರಗತಿಯಲ್ಲೇ ನನಗಿಂತ ಬುದ್ಧಿವಂತೆಯಾದ ಗೆಳತಿಯೊಬ್ಬಳಿದ್ದಳು. ಮೊದಲ ಬೆಂಚಿನಲ್ಲಿ ಕೂರುತ್ತಿದ್ದಳು. ಡಾಕ್ಟರಾಗಬೇಕೆಂಬುದು ಅವಳ ಆಸೆ. ಸಿಇಟಿ ರ‍್ಯಾಂಕು ಸ್ವಲ್ಪದರಲ್ಲಿ ಕೈತಪ್ಪಿತು. ಖಾಸಗಿ ಸೀಟಿನ ಹಣ ಕೇಳಿಕೊಂಡು ಬಂದ ಅವರಪ್ಪ, ಎರಡೆಕರೆ ಅರಿಸಿನದ ಹೊಲ ಮಾರಿದರೂ ಸಾಲದು ಎಂದು ಲೆಕ್ಕ ಹಾಕಿ ಸುಮ್ಮನಾದರು. ಆಗ ನಮ್ಮ ಜಿಲ್ಲೆಯಲ್ಲಿ ಮೆಡಿಕಲ್ ಕಾಲೇಜೇ ಇರಲಿಲ್ಲ. ಚಾಮರಾಜನಗರದ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2016ರಲ್ಲಿ. ಅವಳು ಈಗ ಜೀವಶಾಸ್ತ್ರದ ಟೀಚರ್, ಒಳ್ಳೆಯ ಟೀಚರ್. ಆದರೂ ಜ್ವರದ ಮಗುವನ್ನು ಎತ್ತಿಕೊಂಡು ನಮ್ಮೂರಿನವರು ಮೈಸೂರಿಗೆ ಓಡುವುದನ್ನು ಕಂಡಾಗ ನನಗೆ ಅವಳ ನೆನಪಾಗುತ್ತದೆ.

ಒಬ್ಬರೇ ಮನುಷ್ಯರು ಎರಡೂ ಮಾಡಿದರು ಎಂಬುದು ನನ್ನನ್ನು ಬಹಳ ದಿನ ಕಾಡಿತು. ಪಿಗ್ಮಿಯಲ್ಲಿ ಅತಿ ಸಣ್ಣವನು ಎಷ್ಟು ಕೊಡಬಲ್ಲ ಎಂದು ನೋಡಿ ಬೆಲೆ ಇಟ್ಟರು, ಬೀದಿಯೆಲ್ಲ ಒಳಗೆ ಬಂತು. ಕಾಲೇಜಿನಲ್ಲಿ ಇರುವವರು ಎಷ್ಟು ಕೊಡಬಲ್ಲರು ಎಂದು ನೋಡಿ ಬೆಲೆ ಇಟ್ಟರು, ಕಾಲೇಜು ಎದ್ದಿತು, ಆಸ್ಪತ್ರೆ ಎದ್ದಿತು, ಕೆಲವರು ಗೇಟಿನ ಹೊರಗೆ ಉಳಿದರು. ಹಾಗೆಂದು ಕಾಲೇಜೇ ಬೇಡವಾಗಿತ್ತೆ? ಅದು ಇಲ್ಲದಿದ್ದರೆ ಅಲ್ಲಿ ಉಳಿದ ಎಷ್ಟೋ ಜೀವಗಳು ಉಳಿಯುತ್ತಿರಲಿಲ್ಲ. ಅವರನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ಅವರು ತಮ್ಮ ಕಾಲದ ಲೆಕ್ಕವನ್ನು ಬಿಡಿಸಿದರು, ಉಳಿದ ಲೆಕ್ಕ ನಮ್ಮ ಪಾಲಿನದು.

ನಮ್ಮ ಆರು ಕಂಪ್ಯೂಟರುಗಳ ಕಥೆ

ಈಗ ನಮ್ಮ ಶಾಲೆಯ ವಿಷಯಕ್ಕೆ ಬರುತ್ತೇನೆ. ಕೆಲಸಕ್ಕೆ ಸೇರಿ ಐದಾರು ವರ್ಷವಾಗಿದ್ದಾಗ ನಾವು ಐದು ಜನ ಗೆಳೆಯರು ಹಣ ಹಾಕಿ ಶಾಲೆಗೆ ಆರು ಕಂಪ್ಯೂಟರ್ ಕೊಟ್ಟೆವು. ಟೇಪು ಕತ್ತರಿಸಿದೆವು, ಫೋಟೋ ತೆಗೆಸಿಕೊಂಡೆವು, ಪಾಯಸದ ಊಟ ಮಾಡಿದೆವು. ಎರಡು ವರ್ಷ ಬಿಟ್ಟು ಬಂದು ನೋಡಿದರೆ ಆರಕ್ಕೂ ಬಟ್ಟೆ ಹೊದಿಸಿತ್ತು. ಯುಪಿಎಸ್ ಬ್ಯಾಟರಿ ಸತ್ತಿತ್ತು, ಎರಡರ ಕೀಬೋರ್ಡ್ ಇಲಿ ಕಡಿದಿತ್ತು. ನನಗೆ ಮೇಷ್ಟ್ರುಗಳ ಮೇಲೆ ಸಿಟ್ಟು ಬಂತು. ಮನೆಗೆ ಹೋಗಿ ಅಪ್ಪನಿಗೆ ದೂರಿಕೊಂಡೆ. ಅಪ್ಪ ಕೇಳಿದ್ದು ಒಂದೇ ಮಾತು: ಬ್ಯಾಟರಿ ಹಾಳಾದರೆ ಹೊಸದಕ್ಕೆ ದುಡ್ಡು ಎಲ್ಲಿಟ್ಟಿದ್ದಿರಿ ಎಂದು.

ನಾವು ಎಲ್ಲೂ ಇಟ್ಟಿರಲಿಲ್ಲ. ಟೀ ಅಂಗಡಿ ನಡೆಸುವವರಿಗೆ ಗೊತ್ತಿರುವ ಸಂಗತಿ ಐದು ಜನ ಎಂಜಿನಿಯರುಗಳಿಗೆ ಹೊಳೆದಿರಲಿಲ್ಲ. ಸ್ಟೌ ಕೊಂಡರೆ ಸಾಲದು, ನಾಳೆಯ ಹಾಲಿಗೆ, ಸಕ್ಕರೆಗೆ, ಒಡೆದ ಲೋಟಕ್ಕೆ ದಿನವೂ ಹಣ ತೆಗೆದಿಡಬೇಕು. ನಾವು ಕೊಟ್ಟದ್ದು ನಮ್ಮ ಸಂತೋಷಕ್ಕೆ ಸಾಕಾಗುವಷ್ಟು, ಮಕ್ಕಳ ಕಲಿಕೆಗೆ ಸಾಕಾಗುವಷ್ಟಲ್ಲ. ತಪ್ಪು ಮೇಷ್ಟ್ರುಗಳದ್ದಾಗಿರಲಿಲ್ಲ, ನಮ್ಮದು.

ಇದಾದ ಮೇಲೆಯೇ ನಾನು ಪೈ ಅವರ ಬದುಕನ್ನು ಮತ್ತೆ ಓದಿದ್ದು. ಒಳ್ಳೆಯ ಕೆಲಸ ಶುರುವಾಗುವುದು ಮನಸ್ಸಿನಿಂದ, ನಡೆಯುವುದು ತಿಂಗಳ ಖರ್ಚಿಗೆ ದಾರಿ ಇದ್ದಾಗ. ಈ ಎರಡನೆಯ ಮಾತನ್ನು ಅವರು ಎಲ್ಲ ಕೆಲಸದಲ್ಲೂ ಮೊದಲೇ ಯೋಚಿಸಿದ್ದರು.

ನನ್ನದೊಂದು ಸಲಹೆ

ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಮುಂದೆ ಸ್ವಾಗತ ಕಮಾನು ಕಟ್ಟಿಸೋಣ ಎಂದು ಸಂಘದಲ್ಲಿ ಕೆಲವರ ಅಭಿಪ್ರಾಯವಿದೆ. ಹಿರಿಯರ ಆಸೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಹೆಸರು ಕೆತ್ತಿದ ಕಲ್ಲು ಊರಿಗೆ ಹೆಮ್ಮೆಯೇ. ಆದರೂ ನನ್ನ ಮಾತನ್ನು ಒಮ್ಮೆ ಕೇಳಬೇಕೆಂದು ಬೇಡುತ್ತೇನೆ.

ಕೂಡಿದ ಹಣವನ್ನು ಕಾಯಂ ನಿಧಿಯಾಗಿ ಬ್ಯಾಂಕಿನಲ್ಲಿಡೋಣ. ಮೂಲಧನ ಮುಟ್ಟುವುದು ಬೇಡ. ಐದು ಲಕ್ಷ ಕೂಡಿದರೆ, ಬಡ್ಡಿ ಶೇಕಡಾ 6 ಎಂದಿಟ್ಟುಕೊಂಡರೂ ವರ್ಷಕ್ಕೆ 30,000 ರೂಪಾಯಿ. ಎಸ್ಸೆಸ್ಸೆಲ್ಸಿ ಮುಗಿಸಿ ಮುಂದೆ ಓದುವ ಆರು ಮಕ್ಕಳಿಗೆ ತಲಾ 5,000. ಕಾಲೇಜಿನ ಪೂರ್ತಿ ಖರ್ಚಿಗೆ ಇದು ಸಾಲದು ನಿಜ, ಆದರೆ ಬಸ್ ಪಾಸಿಗೂ ಪುಸ್ತಕಕ್ಕೂ ಆಗುತ್ತದೆ. ನಮ್ಮ ಹಳ್ಳಿಗಳಲ್ಲಿ ಹುಡುಗಿಯರ ಓದು ನಿಲ್ಲುವುದು ಬಹಳ ಸಲ ಇಂಥ ಸಣ್ಣ ಖರ್ಚಿನಲ್ಲೇ.

ಎರಡನೆಯದಾಗಿ, ಪಿಗ್ಮಿಯ ದಾರಿ. ದೊಡ್ಡ ಮೊತ್ತ ಕೊಟ್ಟ ಕೆಲವರ ಹೆಸರು ಮಾತ್ರ ಫಲಕದ ಮೇಲೆ ಬರೆಸುವುದು ಬೇಡ. ನೂರು ಜನ ಹಳೆಯ ವಿದ್ಯಾರ್ಥಿಗಳು ದಿನಕ್ಕೆ ಹತ್ತು ರೂಪಾಯಿ ತೆಗೆದಿಟ್ಟರೆ ಒಬ್ಬೊಬ್ಬರದು ವರ್ಷಕ್ಕೆ 3,650, ಎಲ್ಲರದೂ ಸೇರಿ 3,65,000. ಬೆಂಗಳೂರಿನಲ್ಲಿ ಒಂದು ಕಾಫಿಯ ಬೆಲೆ ಅದಕ್ಕಿಂತ ಹೆಚ್ಚು. ಊರಿನಲ್ಲೇ ಉಳಿದು ಚೆಂಡುಹೂವು ಬೆಳೆಯುವ ಗೆಳೆಯ, ತೆರಕಣಾಂಬಿಯಲ್ಲಿ ತರಕಾರಿ ಲೋಡು ಮಾಡುವ ಗೆಳೆಯ ದಿನಕ್ಕೆ ಎರಡು ರೂಪಾಯಿ ಕೊಟ್ಟರೆ ಅವನ ಹೆಸರೂ ಅದೇ ಪುಸ್ತಕದಲ್ಲಿ, ಅದೇ ಅಕ್ಷರದ ಗಾತ್ರದಲ್ಲಿ ಇರಲಿ. ಆಗ ಇದು ಎಂಜಿನಿಯರುಗಳ ದಾನವಾಗದೆ ಇಡೀ ಊರಿನ ಖಾತೆಯಾಗುತ್ತದೆ.

ಮೂರನೆಯದಾಗಿ, ಲೆಕ್ಕ. ಮುಖ್ಯೋಪಾಧ್ಯಾಯರು, ಎಸ್‌ಡಿಎಂಸಿ, ಹಳೆಯ ವಿದ್ಯಾರ್ಥಿಗಳ ಸಂಘ, ಈ ಮೂರೂ ಕಡೆಯವರ ಸಹಿಯಿಲ್ಲದೆ ಹಣ ತೆಗೆಯುವಂತಿರಬಾರದು. ಪ್ರತಿ ಆಗಸ್ಟ್ 15ರಂದು ಧ್ವಜಾರೋಹಣವಾದ ಮೇಲೆ ಜಮಾ-ಖರ್ಚನ್ನು ನೋಟಿಸ್ ಬೋರ್ಡಿಗೆ ಅಂಟಿಸಬೇಕು. ಲೆಕ್ಕ ಬರೆಯುವ ಗುಮಾಸ್ತರಿಗೆ ಸಣ್ಣ ಗೌರವಧನವನ್ನೂ ಅದರಲ್ಲೇ ಇಡಬೇಕು. ಪಿಗ್ಮಿಯವರ ಸೈಕಲ್ಲನ್ನು ನಾವು ಮರೆಯಬಾರದು.

ಕೊನೆಯದಾಗಿ, ವರ್ಷಕ್ಕೊಮ್ಮೆ ಸಭೆ ಸೇರಿದಾಗ ಎಷ್ಟು ಮಕ್ಕಳಿಗೆ ಕೊಟ್ಟೆವು ಎಂಬುದರ ಜೊತೆಗೆ ಯಾರಿಗೆ ಕೊಡಲಾಗಲಿಲ್ಲ ಎಂಬುದನ್ನೂ ಬರೆದಿಡೋಣ. ನನ್ನ ಗೆಳತಿಯ ಹೆಸರು ಯಾವ ಲೆಕ್ಕದಲ್ಲೂ ಬರಲಿಲ್ಲ. ಸೀಟು ಸಿಕ್ಕ ನನ್ನ ಹೆಸರು ಮಾತ್ರ ಶಾಲೆಯ ಬೋರ್ಡಿನ ಮೇಲಿದೆ. ಬಿಟ್ಟುಹೋದವರ ಪಟ್ಟಿ ಕಣ್ಣಮುಂದಿದ್ದರೆ ಮರುವರ್ಷ ನಿಧಿಯನ್ನು ಇನ್ನಷ್ಟು ಬೆಳೆಸಲು ಮನಸ್ಸಾಗುತ್ತದೆ.

ಉಡುಪಿ ಜಿಲ್ಲೆಯೂ ನಮ್ಮ ಚಾಮರಾಜನಗರ ಜಿಲ್ಲೆಯೂ ಹುಟ್ಟಿದ್ದು ಒಂದೇ ವರ್ಷ, 1997ರಲ್ಲಿ. ವಿದ್ಯೆಯಲ್ಲಿ ಅವರು ಎಷ್ಟು ಮುಂದೆ, ನಾವು ಎಷ್ಟು ಹಿಂದೆ ಎಂದು ಫಲಿತಾಂಶ ಬಂದಾಗಲೆಲ್ಲ ಪತ್ರಿಕೆಗಳು ಬರೆಯುತ್ತವೆ. ಅಲ್ಲಿ ನೂರು ವರ್ಷದ ಹಿಂದೆಯೇ ಎರಡೆರಡಾಣೆ ಕೂಡಿಸಲು ಶುರುಮಾಡಿದ್ದರು. ನಾವು ಈಗ ಶುರುಮಾಡಿದರೂ ತಡವೇನಲ್ಲ.

ಅಪ್ಪ ಈಗ ಅಂಗಡಿ ಮುಚ್ಚಿ ಮನೆಯಲ್ಲಿದ್ದಾರೆ. ಈ ಲೇಖನದ ವಿಷಯ ಹೇಳಿದಾಗ ನಿಧಿಗೆ ತಮ್ಮದೂ ದಿನಕ್ಕೆ ಐದು ರೂಪಾಯಿ ಬರೆದುಕೋ ಎಂದರು, ಅವರು ಈ ಶಾಲೆಯಲ್ಲಿ ಓದಿದವರಲ್ಲದಿದ್ದರೂ. ಪುಸ್ತಕದ ಮೊದಲ ಸಾಲಿನಲ್ಲಿ ಅವರ ಹೆಸರು ಬರೆದಿದ್ದೇನೆ. ಎರಡನೆಯ ಸಾಲು ಖಾಲಿ ಇದೆ. ಸಮಾರಂಭದ ದಿನ ಪುಸ್ತಕ ತರುತ್ತೇನೆ, ಗೆಳೆಯರು, ಗುರುಗಳು, ಊರಿನ ಹಿರಿಯರು ದಯವಿಟ್ಟು ಬಂದು ನೋಡಿ.